ಸ್ಕಾಟ್ಲೆಂಡಿನ ಸಮುದ್ರ ಮತ್ತು ನನ್ನ ಕುತ್ತಿಗೆಯ ಅಳತೆ

ಯಾರಾದರೂ ‘ನಮ್ಮನೆಗೆ ಬನ್ನಿ’ ಎಂದು ಕರೆದಾಗ ‘ಇಲ್ಲ, ಬರೋದಿಲ್ಲ’ ಎಂದು ನೇರವಾಗಿ ಹೇಳಿದ ಒಬ್ಬ ಮನುಷ್ಯನನ್ನೂ ನಾನು ನಮ್ಮ ಶಿವಮೊಗ್ಗದಲ್ಲಿ ಈವರೆಗೆ ಕಂಡಿಲ್ಲ. ನಾವು ಹೋಗುವುದಿಲ್ಲ ಎಂಬುದು ಕರೆದವರಿಗೂ ಗೊತ್ತಿರುತ್ತದೆ. ನಿಜವಾಗಿ ಹೋಗಿ ಬಾಗಿಲು ತಟ್ಟಿದರೆ ಅವರಿಗೇ ಗಾಬರಿ. ಆದರೂ ‘ಖಂಡಿತ ಬರ್ತೀವಿ, ನಿಮ್ಮನೆಗೆ ಬರದೆ ಇರ್ತೀವಾ’ ಎಂದು ಹೇಳಿ ಬಸ್ಸು ಹತ್ತುತ್ತೇವೆ. ಆಮೇಲೆ ಹತ್ತು ವರ್ಷ ಇಬ್ಬರೂ ನೆಮ್ಮದಿಯಾಗಿರುತ್ತೇವೆ. ಈ ಏರ್ಪಾಟಿನಿಂದ ಯಾರಿಗೂ ಯಾವ ತೊಂದರೆಯೂ ಆದದ್ದಿಲ್ಲ. ನನಗೆ ಮಾತ್ರ ಆಯಿತು, ಏಕೆಂದರೆ ನಾನು ಅದನ್ನು ಒಬ್ಬ ಸ್ಕಾಟ್ಲೆಂಡಿನವನ ಮೇಲೆ ಪ್ರಯೋಗಿಸಿದೆ. ಆತ ನಾನು ಹೇಳಿದ್ದನ್ನು ನಂಬಿಬಿಟ್ಟ.

ನನ್ನ ಮನೆ ಆಲ್ಕೊಳದಲ್ಲಿ, ಕೆಲಸ ಭದ್ರಾವತಿಯ ಕಾಗದನಗರದ ಕಾರ್ಖಾನೆಯಲ್ಲಿತ್ತು. ಕಾಗದವಾಗುವ ಮೊದಲು ಬಿದಿರು, ಮರ ಎಲ್ಲ ಸೇರಿ ಒಂದು ಬಗೆಯ ಗಂಜಿಯಾಗುತ್ತದೆ. ಆ ಗಂಜಿ ಎಷ್ಟು ಬೆಳ್ಳಗಾಗಿದೆ ಎಂದು ಪರೀಕ್ಷೆ ಮಾಡುವ ಕೊಠಡಿಯಲ್ಲಿ ನಾನು ವರ್ಷಗಟ್ಟಲೆ ಬ್ಲೀಚಿನ ವಾಸನೆ ಕುಡಿದಿದ್ದೇನೆ. ಬೆಳ್ಳಗಿರುವುದನ್ನು ಅಳೆಯುವ ಹೊಸ ಯಂತ್ರವೊಂದನ್ನು ತರಿಸಿದಾಗ ಅದನ್ನು ಕೂರಿಸಲು ಬಂದವನೇ ಇಯನ್. ಆರಡಿ ಎತ್ತರ, ಕೆಂಪು ಗಡ್ಡ, ತೊಂಬತ್ತರ ದಶಕದ ಕೊನೆಯ ಬೇಸಿಗೆಯಲ್ಲಿ ಮೂರು ತಿಂಗಳು ನಮ್ಮ ಅತಿಥಿಗೃಹದಲ್ಲಿ ಬೆಂದ. ಸೆಕೆ ತಡೆಯಲಾರದೆ ದಿನಕ್ಕೆ ನಾಲ್ಕು ಸಲ ಸ್ನಾನ ಮಾಡುತ್ತಿದ್ದ. ಅವನ ಮೇಲೆ ಕರುಣೆ ಬಂದು ಒಂದು ಭಾನುವಾರ ಭದ್ರಾ ಅಣೆಕಟ್ಟು ತೋರಿಸಲು ಕರೆದುಕೊಂಡು ಹೋದೆ. ಅಷ್ಟು ನೀರು ನೋಡಿ ಅವನ ಮುಖ ಅರಳಿತು. ತನ್ನ ಊರಿನ ಸಮುದ್ರದ ಬಗ್ಗೆ, ಕಪ್ಪು ಬಂಡೆಗಳ ಬಗ್ಗೆ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆ ತಣ್ಣೀರಿನ ತಳಕ್ಕೆ ಇಳಿಯುವ ಬಗ್ಗೆ ಒಂದು ಗಂಟೆ ಮಾತಾಡಿದ. ಅಲ್ಲಿನ ಕ್ಲಬ್ಬಿನಲ್ಲಿ ಹೊಸಬರಿಗೆ ಕಲಿಸುವವನೂ ಅವನೇ ಅಂತೆ. ಕೊನೆಗೆ, ನಿನಗೆ ಈಜು ಬರುತ್ತದೆಯೇ ಎಂದು ಕೇಳಿದ.

ಇಲ್ಲಿ ನಾನು ಸ್ವಲ್ಪ ಹಿನ್ನೆಲೆ ಹೇಳಬೇಕು. ನಾನು ಹುಟ್ಟಿ ಬೆಳೆದದ್ದು ಸವಳಂಗ ರಸ್ತೆಯ ಒಂದು ವಠಾರದಲ್ಲಿ. ದಿನ ಬಿಟ್ಟು ದಿನ ನಲ್ಲಿಯಲ್ಲಿ ಬರುವ ನೀರನ್ನು ಕೊಡಕ್ಕೆ ಹಿಡಿಯುವುದೊಂದೇ ನನಗೂ ನೀರಿಗೂ ಇದ್ದ ಸಂಬಂಧ. ಹೊಳೆಯಲ್ಲಿ ಮೊಣಕಾಲಿಗಿಂತ ಮೇಲೆ ನೀರು ಬಂದರೆ ನನಗೆ ದೇವರ ಹೆಸರು ನೆನಪಾಗುತ್ತದೆ. ಆದರೆ ಮದುವೆಯಾದ ಹೊಸತರಲ್ಲಿ ಹೆಂಡತಿ ಗಿರಿಜೆಯ ಮುಂದೆ, ಚಿಕ್ಕಂದಿನಲ್ಲಿ ತುಂಬಿದ ತುಂಗೆಯನ್ನು ಈಜಿ ದಾಟುತ್ತಿದ್ದೆ ಎಂದು ಒಂದು ಕಥೆ ಹೇಳಿದ್ದೆ. ಹೊಸ ಗಂಡಂದಿರು ಏನೇನೋ ಹೇಳುತ್ತಾರೆ. ಆಮೇಲೆ ಆ ಕಥೆಯನ್ನು ಬಂದುಹೋದವರಿಗೆಲ್ಲ ಹೇಳಿ ಹೇಳಿ ನನಗೇ ಅದು ನಡೆದದ್ದೆನ್ನಿಸುವಷ್ಟು ಅಭ್ಯಾಸವಾಗಿತ್ತು. ಇಯನ್ ಕೇಳಿದಾಗ ಅದೇ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಿದೆ. ಇಂಗ್ಲಿಷಿನಲ್ಲಿ ಹೊಳೆ ಇನ್ನೂ ಸ್ವಲ್ಪ ಅಗಲವಾಯಿತು. ‘ಹಾಗಾದರೆ ನೀನು ನಮ್ಮೂರಿಗೆ ಬರಲೇಬೇಕು, ಒಟ್ಟಿಗೆ ಮುಳುಗೋಣ’ ಎಂದ. ‘ಖಂಡಿತ’ ಎಂದೆ. ಅವನು ವಿಮಾನ ಹತ್ತಿದ, ನಾನು ಭದ್ರಾವತಿ ಬಸ್ಸು ಹತ್ತಿದೆ. ನನ್ನ ಮಟ್ಟಿಗೆ ವಿಷಯ ಮುಗಿದಿತ್ತು.

ಎರಡು ವರ್ಷ ಕಳೆದ ಮೇಲೆ ಆ ಯಂತ್ರವನ್ನು ಪೂರ್ತಿ ಕಲಿತು ಬರಲು ಯಾರನ್ನಾದರೂ ಸ್ಕಾಟ್ಲೆಂಡಿಗೆ ಕಳಿಸಬೇಕೆಂದು ಕಾರ್ಖಾನೆಯಲ್ಲಿ ತೀರ್ಮಾನವಾಯಿತು. ಹಿರಿತನದಲ್ಲಿ ಮೊದಲಿದ್ದವರಿಗೆ ಪಾಸ್‌ಪೋರ್ಟಿಗಿಂತ ಮೊದಲು ಮಂಡಿನೋವು ಬಂತು. ಎರಡನೆಯವನು ನಾನು. ಗಿರಿಜೆಗೆ ಹೇಳಿದಾಗ ಅವಳು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು, ತಾನೂ ಬರುತ್ತೇನೆ ಎಂದಳು. ತವರಿನ ಗದ್ದೆಯಲ್ಲಿ ಅವಳ ಪಾಲಿನ ಹಣ ಬಂದಿತ್ತು. ಅದರಲ್ಲಿ ಬಳೆ ಮಾಡಿಸುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. ‘ಬಳೆ ಬೇಡ ಮಾರಾಯ್ರೆ, ನಾನು ಇಷ್ಟು ವರ್ಷದಲ್ಲಿ ನನಗೆ ಅಂತ ಏನೂ ಕೇಳಿಲ್ಲ. ನಿಮ್ಮ ಇಯನ್ ಹೇಳಿದ ಆ ಸಮುದ್ರ ನೋಡ್ಬೇಕು’ ಎಂದಳು. ಕೇಳಿಲ್ಲ ಎಂಬುದು ನಿಜವೇ ಆಗಿತ್ತು. ಆ ಸಂಜೆಯೇ ಸವಳಂಗ ರಸ್ತೆಯ ಬ್ರೌಸಿಂಗ್ ಸೆಂಟರಿಗೆ ಹೋಗಿ ಇಯನ್‌ಗೆ ಇ-ಮೇಲ್ ಕಳಿಸಿದೆ. ಮರುದಿನವೇ ಉತ್ತರ ಬಂತು. ಅದನ್ನು ಪ್ರಿಂಟು ಹಾಕಿಸಿಕೊಂಡು ಮನೆಗೆ ತಂದು ಮೂರು ಸಲ ಓದಿದೆ.

ಅವನು ಎಲ್ಲವನ್ನೂ ಏರ್ಪಾಡು ಮಾಡಿಬಿಟ್ಟಿದ್ದ. ತರಬೇತಿ ಮುಗಿದ ಮೇಲೆ ಒಂದು ವಾರ ಅವನ ಮನೆಯಲ್ಲಿ ಇರುವುದು, ಎರಡು ದಿನ ಸಮುದ್ರಕ್ಕೆ ಇಳಿಯುವುದು. ಸೆಪ್ಟೆಂಬರ್ ತಿಂಗಳು, ಆಗ ನೀರು ವರ್ಷದಲ್ಲೇ ಅತಿ ಬೆಚ್ಚಗೆ, ಹನ್ನೆರಡು ಡಿಗ್ರಿ ಇರುತ್ತದೆ, ನೀನು ಅದೃಷ್ಟವಂತ ಎಂದು ಬರೆದಿದ್ದ. ನಾನು ಮೇ ತಿಂಗಳಲ್ಲೂ ಹಂಡೆ ಕಾಯಿಸಿ ಸ್ನಾನ ಮಾಡುವವನು. ಜೊತೆಗೆ ಒಂದು ಅರ್ಜಿ: ಎತ್ತರ, ಎದೆ, ಸೊಂಟ, ಕುತ್ತಿಗೆ, ಮಣಿಕಟ್ಟು, ಪಾದ, ಎಲ್ಲದರ ಅಳತೆ ಬರೆಯಬೇಕು. ನೀರು ಒಳಗೆ ಬರದ ರಬ್ಬರು ಉಡುಪನ್ನು ಕ್ಲಬ್ಬಿನಲ್ಲಿ ಆರಿಸಿ ಇಡುತ್ತಾರಂತೆ. ವೈದ್ಯರ ಸರ್ಟಿಫಿಕೇಟು ಬೇಕು. ಎಲ್ಲಕ್ಕಿಂತ ಕೊನೆಯಲ್ಲಿ, ನಿನಗೆ ಇದು ಬರೀ ಔಪಚಾರಿಕ ಎಂಬ ಟಿಪ್ಪಣಿಯೊಂದಿಗೆ, ಇನ್ನೂರು ಮೀಟರು ಈಜಬಲ್ಲನೆಂದು ಯಾರಾದರೂ ತರಬೇತುದಾರರಿಂದ ಪತ್ರ. ಅರ್ಜಿಯ ಎರಡನೆಯ ಪ್ರತಿ ನಿನ್ನ ಹೆಂಡತಿಗೆ, ಅವರಿಗೂ ಆಸಕ್ತಿ ಇದ್ದರೆ ಎಂದಿದ್ದ. ಅದನ್ನು ನಾನು ಓದಿ ನಕ್ಕು ಫೈಲಿನೊಳಗೆ ಹಾಕಿಟ್ಟೆ.

ನಿಜ ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ದಿನಾ ಕೇಳಿಕೊಂಡೆ. ಆದರೆ ಕರೆದದ್ದೇ ಒಟ್ಟಿಗೆ ಮುಳುಗಲು. ಈಜು ಬಾರದು ಎಂದರೆ ಆ ವಾರವೇ ಬಿದ್ದುಹೋಗುತ್ತದೆ, ತರಬೇತಿ ಮುಗಿಸಿ ನೇರ ವಾಪಸು. ಗಿರಿಜೆ ಆಗಲೇ ಉಣ್ಣೆಯ ಸ್ವೆಟರು ಹೆಣೆಯಲು ಶುರು ಮಾಡಿದ್ದಳು, ಪಕ್ಕದ ಮನೆಯವರಿಂದ ಅಟ್ಲಾಸು ತಂದು ಆ ಕರಾವಳಿಯ ಅಂಕುಡೊಂಕು ಗೆರೆಯ ಮೇಲೆ ಬೆರಳಾಡಿಸುತ್ತಿದ್ದಳು. ಅವಳು ಜೀವನದಲ್ಲಿ ಕೇಳಿದ ಒಂದೇ ಒಂದು ವಿಷಯ ನನ್ನ ಒಂದು ಹಳೆಯ ಬುರುಡೆಯ ಮೇಲೆ ನಿಂತಿತ್ತು. ಆದ್ದರಿಂದ ಇರುವುದು ಒಂದೇ ದಾರಿ, ಮೂರು ತಿಂಗಳಲ್ಲಿ ಆ ಬುರುಡೆಯನ್ನು ನಿಜ ಮಾಡುವುದು ಎಂದು ನಿರ್ಧರಿಸಿದೆ. ನಲವತ್ತೇಳನೇ ವಯಸ್ಸಿನಲ್ಲಿ ಮನುಷ್ಯ ತೆಗೆದುಕೊಳ್ಳಬಾರದ ನಿರ್ಧಾರಗಳಲ್ಲಿ ಇದೂ ಒಂದು.

ಮೊದಲು ಅಳತೆಯ ಕೆಲಸ. ಆಲ್ಕೊಳ ಸರ್ಕಲ್ಲಿನ ಟೈಲರ್ ನಾಗರಾಜಣ್ಣ ನನ್ನ ಮದುವೆಯ ಸೂಟಿನಿಂದ ಹಿಡಿದು ಎಲ್ಲವನ್ನೂ ಹೊಲಿದವನು. ಅವನ ಕೈಯಲ್ಲಿ ಹೊಲಿಸಿದ ಪ್ಯಾಂಟು ಮೊದಲ ವರ್ಷ ಜಾರುತ್ತದೆ, ಐದನೆಯ ವರ್ಷ ಸರಿಹೋಗುತ್ತದೆ. ನಮ್ಮ ಕಡೆ ಬಟ್ಟೆಯನ್ನು ಇವತ್ತಿನ ಮೈಗೆ ಯಾರೂ ಹೊಲಿಸುವುದಿಲ್ಲ, ಮುಂದೆ ಬರಬಹುದಾದ ಮೈಗೆ ಹೊಲಿಸುತ್ತಾರೆ. ಅರ್ಜಿಯನ್ನು ಅವನ ಮುಂದಿಟ್ಟು, ರಬ್ಬರಿನ ಉಡುಪು, ಸಮುದ್ರದೊಳಗೆ ಹಾಕಿಕೊಳ್ಳುವುದು ಎಂದು ವಿವರಿಸಿದೆ. ಅವನು ಟೇಪು ಹಿಡಿದು, ಎರಡು ಬೆರಳು ಒಳಗೆ ತೂರಿಸಿ, ಎಲ್ಲ ಅಳತೆಯನ್ನೂ ತೆಗೆದು ಬರೆದುಕೊಟ್ಟ. ಕುತ್ತಿಗೆಗೆ ಬೆರಳು ಮೂರಾದವು. ‘ರಬ್ಬರು ಅಂತೀರಿ ಸಾರ್, ಒಗೆದ್ರೆ ಕುಗ್ಗುತ್ತೆ. ಲೂಸಾಗೇ ಇರ್ಲಿ, ಗಾಳಿ ಆಡ್ಲಿ’ ಎಂದ. ನನಗೂ ಅದು ಸರಿ ಎನ್ನಿಸಿತು. ಹಾಗೇ ಕಳಿಸಿದೆ.

ವಾರದೊಳಗೆ ಇಯನ್ ಬರೆದ: ನನ್ನ ನೆನಪಿನಲ್ಲಿ ನೀನು ತೆಳ್ಳಗಿನ ಮನುಷ್ಯ, ಈ ಕುತ್ತಿಗೆ ಕುಸ್ತಿಯವನದು, ಏನಾಯಿತು? ಆಮೇಲೆ ಗಂಭೀರವಾಗಿ, ಕುತ್ತಿಗೆಯ ಬಳಿ ಉಡುಪು ಬಿಗಿಯಾಗಿ ಕೂರಬೇಕು, ಒಂದು ಬೆರಳು ಸಡಿಲವಾದರೂ ಅಲ್ಲಿಂದ ಸಮುದ್ರ ಒಳಗೆ ಬರುತ್ತದೆ ಎಂದು ವಿವರಿಸಿದ್ದ. ಮೂರು ಬೆರಳಿನಲ್ಲಿ ಎಷ್ಟು ಸಮುದ್ರ ಬರಬಹುದು ಎಂದು ಲೆಕ್ಕ ಹಾಕಿ ನಾನು ಅಂದು ಊಟ ಬಿಟ್ಟೆ. ಅಳತೆ ತಪ್ಪಾಗಿದೆ ಎಂದು ಬರೆಯಲು ಮಾನ ಅಡ್ಡ ಬಂತು. ಇತ್ತೀಚೆಗೆ ಸ್ವಲ್ಪ ದಪ್ಪಗಾಗಿದ್ದೇನೆ ಎಂದು ಉತ್ತರಿಸಿದೆ.

ಅದನ್ನು ನಿಜ ಮಾಡಲು ನಮ್ಮ ಬಂಧುಬಳಗ ಟೊಂಕ ಕಟ್ಟಿ ನಿಂತಿತು. ಆಗಿನ ಕಾಲದಲ್ಲಿ ವಿದೇಶಕ್ಕೆ ಹೊರಟವರನ್ನು ಊಟಕ್ಕೆ ಕರೆಯದೆ ಕಳಿಸುವ ಹಾಗಿರಲಿಲ್ಲ. ನನ್ನ ಅಕ್ಕ ಶುರು ಮಾಡಿದಳು, ಆಮೇಲೆ ಸರದಿ. ಒಂದು ಮನೆಯಲ್ಲಿ ಹೋಳಿಗೆ, ಮರುದಿನ ಇನ್ನೊಂದು ಮನೆಯಲ್ಲಿ ಶಾವಿಗೆ, ಅದರ ಮರುದಿನ ಕಡುಬು. ‘ಅಲ್ಲಿ ನಿನಗೆ ಏನು ಸಿಗುತ್ತೋ ಏನೋ ತಮ್ಮ, ತಿನ್ನು’ ಎಂದು ಅಕ್ಕ ತುಪ್ಪ ಸುರಿದಳು. ಅಷ್ಟರಲ್ಲಿ ಅವಳ ಗಂಡ ಯಾರಿಗೋ ಹೇಳಿ, ಸ್ಥಳೀಯ ಪತ್ರಿಕೆಯಲ್ಲಿ ‘ವಿದೇಶ ಪ್ರವಾಸ’ ಎಂಬ ತಲೆಬರಹದ ಕೆಳಗೆ ನನ್ನ ಫೋಟೋ ಹಾಕಿಸಿಬಿಟ್ಟರು. ನುರಿತ ಈಜುಗಾರರಾದ ಇವರು ಸ್ಕಾಟ್ಲೆಂಡಿನ ಸಮುದ್ರದಾಳವನ್ನು ಅಧ್ಯಯನ ಮಾಡಲಿದ್ದಾರೆ ಎಂದು ಅದರಲ್ಲಿತ್ತು. ಮೀನನ್ನು ತಟ್ಟೆಯಲ್ಲೂ ನೋಡದ ಮನೆತನದವನು ನಾನು, ಅದರ ಮನೆಗೇ ಹೋಗಿ ಅಧ್ಯಯನ ಮಾಡುವವನಾದೆ. ಕ್ಯಾಂಟೀನಿನಲ್ಲಿ ನನಗೆ ಹಾರ ಹಾಕಿದರು. ಹಾರ ಕುತ್ತಿಗೆಗೆ ಸರಿಯಾಗಿ ಹಿಡಿಯಿತು. ಎರಡು ತಿಂಗಳಲ್ಲಿ ನಾಗರಾಜಣ್ಣನ ಅಳತೆಯನ್ನು ನಾನು ಹೆಚ್ಚುಕಡಿಮೆ ತುಂಬಿದ್ದೆ.

ಈ ನಡುವೆ ತಣ್ಣೀರಿನ ಅಭ್ಯಾಸವೂ ಸಾಗಿತ್ತು. ಬೆಳಿಗ್ಗೆ ಬಚ್ಚಲಲ್ಲಿ ನಿಂತು, ಒಂದು ಚೊಂಬು ತಣ್ಣೀರನ್ನು ಎತ್ತಿ, ಅದನ್ನೇ ಐದು ನಿಮಿಷ ನೋಡಿ, ಕಣ್ಣು ಮುಚ್ಚಿ ಸುರಿದುಕೊಳ್ಳುತ್ತಿದ್ದೆ. ಜೊತೆಗೆ ತಾನಾಗಿ ಒಂದು ಕೂಗು ಬರುತ್ತಿತ್ತು. ಪಕ್ಕದ ಮನೆಯವರು ಗೋಡೆಯಾಚೆಯಿಂದ ನಾನು ಅಯ್ಯಪ್ಪನ ಮಾಲೆ ಹಾಕಿದ್ದೇನೆಯೇ ಎಂದು ಗೌರವದಿಂದ ವಿಚಾರಿಸಿದರು. ಆ ಒಂದು ಚೊಂಬಿನ ಮೇಲೆ ಉಳಿದ ಸ್ನಾನವೆಲ್ಲ ಹಂಡೆಯ ಬಿಸಿನೀರಿನಲ್ಲೇ ಎಂಬುದನ್ನು ಅವರಿಗೆ ಹೇಳಲಿಲ್ಲ.

ಇನ್ನು ಈಜು. ನಗರದ ಈಜುಕೊಳದಲ್ಲಿ ಬೆಳಿಗ್ಗೆ ಆರರಿಂದ ಏಳರವರೆಗೆ ಹೊಸಬರ ತಂಡ. ಹೊಸಬರೆಂದರೆ ನನ್ನನ್ನು ಬಿಟ್ಟು ಉಳಿದವರೆಲ್ಲ ಆರೇಳು ವರ್ಷದವರು. ಕಲಿಸುವವರು ಆರ್ಮುಗಂ ಮೇಷ್ಟ್ರು, ಭದ್ರಾವತಿಯ ಕಬ್ಬಿಣದ ಕೆಲಸದಿಂದ ನಿವೃತ್ತರಾದವರು, ತಮಿಳು ಬೆರೆತ ಕನ್ನಡ. ಮನೆಯಲ್ಲಿ ಬೆಳಗಿನ ಮೊದಲ ಬಸ್ಸಿಗೆ ಹೋಗಬೇಕೆಂದು ಹೇಳಿ ಹೊರಡುತ್ತಿದ್ದೆ. ಕೊಳದ ನೀರಿನ ಕ್ಲೋರಿನ್ ವಾಸನೆ ಮೈಗೆ ಹತ್ತುತ್ತಿತ್ತು, ಆದರೆ ಆ ವಾಸನೆಯನ್ನು ಇಪ್ಪತ್ತೈದು ವರ್ಷದಿಂದ ಕಾರ್ಖಾನೆಯಿಂದ ಹೊತ್ತು ತರುತ್ತಿದ್ದುದರಿಂದ ಗಿರಿಜೆಗೆ ಅನುಮಾನ ಬರುವ ಹಾಗಿರಲಿಲ್ಲ. ನನ್ನ ನೌಕರಿ ನನಗೆ ಮಾಡಿದ ಏಕೈಕ ಉಪಕಾರ ಅದು.

ಸೊಂಟಕ್ಕೆ ಟ್ಯೂಬು ಕಟ್ಟಿಕೊಂಡು ಮಕ್ಕಳ ಪಕ್ಕದಲ್ಲಿ ಸಾಲಾಗಿ ನಿಂತು ಕಾಲು ಬಡಿದೆ. ಮೊದಲ ತಿಂಗಳು ಮುಗಿಯುವಾಗ ನನ್ನ ಸಾಲಿನ ಮಕ್ಕಳು ಆಳದ ಕಡೆಗೆ ಹೋದರು, ಹೊಸ ಮಕ್ಕಳು ಬಂದರು. ಎರಡನೆಯ ತಿಂಗಳು ಅವರೂ ಹೋದರು. ಟ್ಯೂಬು ಬಿಚ್ಚಿದ ಕೂಡಲೇ ನಾನು ನೆಟ್ಟಗೆ ಕೆಳಗೆ ಹೋಗುತ್ತಿದ್ದೆ. ಮುಳುಗುವುದೇ ಗುರಿಯಾಗಿದ್ದರೆ ನನ್ನಂಥ ಪ್ರತಿಭಾವಂತ ಇನ್ನೊಬ್ಬನಿರಲಿಲ್ಲ. ಮೇಷ್ಟ್ರು ಒಂದು ದಿನ ದಡದಲ್ಲಿ ಕುಕ್ಕರಗಾಲಲ್ಲಿ ಕೂತು ನೊಂದ ದನಿಯಲ್ಲಿ ಕೇಳಿದರು: ‘ಸಾರ್, ನೀವು ನೀರಿಗೆ ಹೊಡೀತೀರಿ. ಅದು ನಿಮಗೆ ಏನು ಮಾಡ್ಚು?’ ಹೇಗಾದರೂ ಒಂದು ಪತ್ರ ಬರೆದುಕೊಡಿ ಎಂದು ಬೇಡಿದೆ. ಅವರು ಸುಳ್ಳು ಬರೆಯುವವರಲ್ಲ. ಎರಡು ದಿನ ಯೋಚಿಸಿ ಕೊಟ್ಟ ಪತ್ರದಲ್ಲಿ, ಇವರು ಎರಡು ತಿಂಗಳಿಂದ ತಪ್ಪದೆ ನೀರಿಗೆ ಇಳಿದಿರುತ್ತಾರೆ ಮತ್ತು ಪ್ರತಿದಿನವೂ ಮೇಲೆ ಬಂದಿರುತ್ತಾರೆ ಎಂದು ದೃಢೀಕರಿಸಿದ್ದರು.

ಹೊರಡಲು ಎರಡು ವಾರವಿತ್ತು. ಒಂದು ಬೆಳಿಗ್ಗೆ ಏನಾದರಾಗಲಿ, ಇವತ್ತು ತೇಲಿಯೇ ಸಿದ್ಧ ಎಂದು ಹಟ ಹಿಡಿದು ನೀರಲ್ಲೇ ಉಳಿದೆ. ಏಳಾಯಿತು, ಸೀಟಿ ಊದಿದರು. ಏಳರ ಮೇಲೆ ಹೆಂಗಸರ ತಂಡ. ಮಕ್ಕಳೆಲ್ಲ ಹೊರಗೆ ಓಡಿದರು; ನಾನು ಟ್ಯೂಬಿನ ಗಂಟು ಬಿಚ್ಚಲಾಗದೆ ಸೊಂಟದ ಮಟ್ಟದ ನೀರಲ್ಲಿ ಒದ್ದಾಡುತ್ತಿದ್ದೆ. ಆಗ ಗೇಟಿನಿಂದ ನಾಲ್ಕೈದು ಹೆಂಗಸರು ಒಳಗೆ ಬಂದರು. ಮುಂದೆ ಇದ್ದವಳು ಹಳೆಯ ಚೂಡಿದಾರ ಹಾಕಿ, ಸೆರಗಿಲ್ಲದ ಹೆಗಲ ಮೇಲೆ ನಮ್ಮ ಮನೆಯದೇ ಟವೆಲ್ ಹೊದ್ದ ನನ್ನ ಹೆಂಡತಿ. ಅವಳು ನಿಂತಳು. ನನ್ನನ್ನೂ ಟ್ಯೂಬನ್ನೂ ನೋಡಿದಳು.

‘ಬಸ್ಸು ತಪ್ತಾ?’ ಎಂದು ಕೇಳಿದಳು.

ನಾನು ಹೂಂ ಎಂದೆ. ಅದಕ್ಕಿಂತ ಹೆಚ್ಚಿನ ಬುದ್ಧಿ ಆ ಹೊತ್ತಿಗೆ ಓಡಲಿಲ್ಲ. ಅವಳು ಆಳದ ಕಡೆಗೆ ಹೋಗಿ, ಟವೆಲ್ ಮಡಿಸಿಟ್ಟು, ಸದ್ದಿಲ್ಲದೆ ನೀರಿಗೆ ಬಿದ್ದಳು. ಆಮೇಲೆ ಕೊಳದ ಆ ತುದಿಯಲ್ಲಿ ಎದ್ದಳು, ತಿರುಗಿದಳು, ಮತ್ತೆ ಈ ತುದಿಗೆ ಬಂದಳು. ನೀರಿಗೆ ಅವಳು ಹೊಡೆಯುತ್ತಿರಲಿಲ್ಲ. ನಾನು ಟ್ಯೂಬು ಕಟ್ಟಿಕೊಂಡೇ ನಿಂತು ಎಣಿಸಿದೆ. ಹತ್ತಕ್ಕೆ ಎಣಿಕೆ ಬಿಟ್ಟೆ. ಆರ್ಮುಗಂ ಮೇಷ್ಟ್ರು ಹೆಮ್ಮೆಯಿಂದ, ಈ ಅಮ್ಮ ಐದು ವಾರದಿಂದ ಬರುತ್ತಿದ್ದಾರೆ, ಕಲಿಸಲು ಏನೂ ಇರಲಿಲ್ಲ, ಪತ್ರ ಬರೆದುಕೊಟ್ಟಾಗಿದೆ ಎಂದರು. ನಾನು ಆ ಅಮ್ಮನ ಗಂಡ ಎಂದು ಹೇಳುವ ಬದಲು ಮತ್ತೆ ಟ್ಯೂಬಿನ ಗಂಟಿಗೆ ಕೈ ಹಾಕಿದೆ.

ಅಂದು ನಿಜವಾಗಿಯೂ ಬಸ್ಸು ತಪ್ಪಿತು. ಇಬ್ಬರೂ ನಡೆದುಕೊಂಡು ಮನೆಗೆ ಬಂದೆವು. ಫೈಲು ಒರೆಸುವಾಗ ಎರಡನೆಯ ಅರ್ಜಿ ಅವಳಿಗೆ ಸಿಕ್ಕಿತ್ತು. ಪದಕೋಶ ಇಟ್ಟುಕೊಂಡು ಓದಿ, ತಾನೇ ಟೇಪು ಹಿಡಿದು, ಬೆರಳು ತೂರಿಸದೆ ಅಳತೆ ಬರೆದಿದ್ದಳು. ತುಂಗೆಯ ದಡದ ಊರಿನಲ್ಲಿ ಹುಟ್ಟಿದವಳು ಎಂಬುದು ನನಗೆ ಗೊತ್ತಿತ್ತು, ನಮ್ಮ ಮದುವೆಯ ನಿಬ್ಬಣ ಹೋಗಿದ್ದೇ ದೋಣಿಯಲ್ಲಿ. ಅಲ್ಲಿ ಹುಡುಗಿಯರು ಬೇಸಿಗೆಯೆಲ್ಲ ಏನು ಮಾಡುತ್ತಿದ್ದರು ಎಂದು ಮಾತ್ರ ನನಗೆ ಹೊಳೆದಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಯಾಕೆ ಹೇಳಲಿಲ್ಲ ಎಂದು ಸ್ವಲ್ಪ ಗದರುವ ದನಿಯಲ್ಲೇ ಕೇಳಿದೆ.

‘ನೀವು ಯಾವತ್ತು ಕೇಳಿದ್ರಿ? ನೀವು ಈಜಿದ್ ಕಥೆ ಹೇಳ್ತಿದ್ರಿ, ನಾನು ಕೇಳ್ತಿದ್ದೆ.’

ಅದು ಸುಳ್ಳೆಂದು ಗೊತ್ತಿತ್ತೇ ಎಂದೆ. ಮೊದಲ ದಿನವೇ ಗೊತ್ತಾಯಿತು ಎಂದಳು. ತುಂಬಿದ ಹೊಳೆಯನ್ನು ಯಾರೂ ಎದುರು ದಡಕ್ಕೆ ನೆಟ್ಟಗೆ ದಾಟುವುದಿಲ್ಲ, ಸೆಳೆತಕ್ಕೆ ಮೈ ಕೊಟ್ಟು ಅರ್ಧ ಮೈಲು ಕೆಳಗೆ ಹೋಗಿ ಹತ್ತುತ್ತಾರೆ, ನೀವು ದೇವಸ್ಥಾನದ ಮೆಟ್ಟಿಲಿಂದ ಹೊರಟು ಎದುರಿನ ಮೆಟ್ಟಿಲನ್ನೇ ಹತ್ತುತ್ತಿದ್ದಿರಿ ಎಂದು ವಿವರಿಸಿದಳು. ಆಮೇಲೆ ಅವಳು ಮೆತ್ತಗೆ ಹೇಳಿದಳು: ‘ಹೊಳೆ ತಳದಲ್ಲಿ ಏನಿದೆ ನೋಡ್ಬೇಕು ಅಂತ ಚಿಕ್ಕಂದಿನಿಂದ ಆಸೆ. ಕಣ್ಣು ಬಿಟ್ರೆ ಬರೀ ಕೆಂಪು ನೀರು. ಅಲ್ಲಿ ತಿಳಿಯಾಗಿರುತ್ತಂತಲ್ಲ.’ ನನಗೆ ನಾಚಿಕೆಯಾಯಿತು. ಈಜು ಬಾರದ್ದಕ್ಕಲ್ಲ, ಆ ಆಸೆಯ ಪಕ್ಕದಲ್ಲೇ ಇಪ್ಪತ್ತೆರಡು ವರ್ಷ ಮಲಗಿ ಎದ್ದು ಅದರ ಸುಳಿವೂ ಸಿಗದ್ದಕ್ಕೆ.

ಆ ಸಂಜೆ ಇಬ್ಬರೂ ಬ್ರೌಸಿಂಗ್ ಸೆಂಟರಿಗೆ ಹೋದೆವು. ಅವಳು ಪಕ್ಕದ ಸ್ಟೂಲಿನಲ್ಲಿ ಕೂತಳು. ನಾನು ಒಂದೊಂದೇ ಅಕ್ಷರ ಕುಟ್ಟಿ, ನನಗೆ ಈಜು ಬರುವುದಿಲ್ಲ, ಎಂದೂ ಬರುತ್ತಿರಲಿಲ್ಲ, ಕುತ್ತಿಗೆಯೂ ನನ್ನದಲ್ಲ, ಹೆಂಡತಿಗೆ ಬರುತ್ತದೆ, ದಯವಿಟ್ಟು ಅವಳ ವಾರವನ್ನು ಕಿತ್ತುಕೊಳ್ಳಬೇಡ ಎಂದು ಬರೆದೆ. ಕೆಳಗೆ ಅವಳ ಅಳತೆಗಳನ್ನೂ ಸೇರಿಸಿದೆ. ಎರಡು ದಿನ ಉತ್ತರವಿಲ್ಲ. ಆ ಎರಡು ದಿನ ಗಿರಿಜೆ ಸ್ವೆಟರನ್ನು ಮುಟ್ಟಲಿಲ್ಲ. ಮೂರನೆಯ ದಿನ ಬಂದ ಉತ್ತರ ಎರಡೇ ಸಾಲು: ಅವಳ ಅಳತೆ ಬಹಳ ಚೆನ್ನಾಗಿದೆ, ಉಡುಪು ತೆಗೆದಿಟ್ಟಿದ್ದೇನೆ. ದೋಣಿಯಲ್ಲಿ ಒಬ್ಬರು ಬೇಕೇ ಬೇಕು, ಮೇಲೆ ಬಂದವರಿಗೆ ಬಿಸಿ ಟೀ ಕೊಡಲು, ಆ ಕೆಲಸ ನಿನ್ನದು.

ಹೀಗೆ ಮೂರು ತಿಂಗಳ ಯೋಜನೆ ಕೊನೆಗೊಂಡಿತು. ಪ್ರವಾಸದ ಬಗ್ಗೆ ಹೇಳುವುದು ಕಡಿಮೆ. ಇಯನ್ ಮೊದಲು ಅವಳನ್ನು ಅಲ್ಲಿನ ಈಜುಕೊಳದಲ್ಲಿ ಒಂದು ದಿನ ತಯಾರು ಮಾಡಿದ. ಮರುದಿನ ಕಪ್ಪು ಬಂಡೆಗಳ ನಡುವಿನ ಒಂದು ಕೊಲ್ಲಿ, ಹಲ್ಲು ಕಟಕಟ ಎನ್ನಿಸುವ ಗಾಳಿ. ಆಲ್ಕೊಳದ ಗಿರಿಜೆ ರಬ್ಬರು ಉಡುಪಿನಲ್ಲಿ, ಸಿಲಿಂಡರ್ ಹೊತ್ತು, ದೋಣಿಯ ಅಂಚಿನಲ್ಲಿ ಕೂತು, ಹಿಂದಕ್ಕೆ ಉರುಳಿ ಇಯನ್ ಜೊತೆ ಕಾಣೆಯಾದಳು. ನಾನು ಗುಳ್ಳೆಗಳನ್ನೇ ನೋಡುತ್ತ ಇಪ್ಪತ್ತು ನಿಮಿಷ ಕಳೆದೆ; ಅಷ್ಟು ಉದ್ದದ ಇಪ್ಪತ್ತು ನಿಮಿಷ ನನ್ನ ಬದುಕಿನಲ್ಲಿ ಇನ್ನೊಂದಿಲ್ಲ. ಮೇಲೆ ಬಂದಾಗ ಅವಳ ತುಟಿ ನೀಲಿಯಾಗಿತ್ತು. ‘ಹೂವಿನ ಹಾಗೆ ಏನೇನೋ ಅರಳಿವೆ ಕಣ್ರೀ, ಇಷ್ಟು ತಣ್ಣಗಿರೋ ಕಡೆ’ ಎಂದಳು. ಆಮೇಲೆ ಅತ್ತಳು. ನನಗೆ ಅವಳ ಬಗ್ಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ, ಅಷ್ಟು ಹೊಟ್ಟೆಕಿಚ್ಚೂ ಆಗಿರಲಿಲ್ಲ.

ಊರಿಗೆ ಬಂದ ಮೊದಲ ಭಾನುವಾರ ಮನೆ ತುಂಬ ಜನ. ಅಕ್ಕ, ಭಾವ, ನಾಗರಾಜಣ್ಣ, ಪಕ್ಕದ ಮನೆಯವರು. ಎಲ್ಲರೂ ನನ್ನ ಸುತ್ತ ಕೂತು, ಕೆಳಗೆ ಹೇಗಿತ್ತು, ಏನು ಕಂಡಿತು ಎಂದು ಕೇಳಿದರು. ನಾನು ನಿಜ ಹೇಳಬೇಕೆಂದೇ ಬಾಯಿ ತೆರೆದೆ. ಬಂದದ್ದು ಹೂವಿನ ವರ್ಣನೆ. ಏಡಿ ಬಂತು, ತಿಳಿನೀರು ಬಂತು, ಗಿರಿಜೆ ಹೇಳಿದ್ದೆಲ್ಲ ಒಂದೂ ತಪ್ಪದೆ ಬಂತು. ಅವಳು ಮಂಡಕ್ಕಿಯ ತಟ್ಟೆಗಳನ್ನು ಹಂಚುತ್ತಿದ್ದಳು. ಅಕ್ಕ ಅವಳ ಕೈ ಹಿಡಿದು ನಿಲ್ಲಿಸಿ, ಪಾಪ, ಇವನು ನೀರಿನೊಳಗೆ ಇದ್ದಾಗ ನೀನೊಬ್ಬಳೇ ಏನು ಮಾಡುತ್ತಿದ್ದೆ ಎಂದು ಕೇಳಿದಳು. ಗಿರಿಜೆ ನನ್ನ ಕಡೆ ನೋಡಿದಳು. ಒಂದು ಕ್ಷಣ ಕಾದಳು. ನಾನು ಮಂಡಕ್ಕಿಯಲ್ಲಿ ಕಡಲೆಬೀಜ ಹುಡುಕುತ್ತಿದ್ದೆ.

‘ದೋಣೀಲಿ ಕೂತಿದ್ದೆ ಅತ್ತಿಗೆ. ಟೀ ಮಾಡ್ತಿದ್ದೆ’ ಎಂದಳು.

ಆ ಒಂದು ಕ್ಷಣದಲ್ಲಿ ನಾನು ಹೇಳಬೇಕಾಗಿದ್ದದ್ದು ಒಂದೇ ವಾಕ್ಯ. ಅದನ್ನು ಹೇಳಲು ನನಗೆ ಇಷ್ಟು ವರ್ಷವೂ ಇಷ್ಟು ಪುಟವೂ ಬೇಕಾದವು: ಇಳಿದವಳು ಅವಳು, ದೋಣಿಯಲ್ಲಿ ಕೂತು ಟೀ ಮಾಡಿದವನು ನಾನು. ಇದನ್ನು ಬರೆದು ಅವಳಿಗೆ ಓದಲು ಕೊಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಕೊನೆಯಲ್ಲಿ ಒಂದು ತಪ್ಪಿದೆ, ತಿದ್ದಿ ಎಂದಳು. ತಿದ್ದುತ್ತಿದ್ದೇನೆ. ಟೀ ಮಾಡಿದ್ದು ದೋಣಿ ನಡೆಸುತ್ತಿದ್ದ ಮುದುಕ. ನಾನು ಆ ಇಪ್ಪತ್ತು ನಿಮಿಷವೂ ಅಂಚನ್ನು ತಬ್ಬಿಕೊಂಡು ವಾಂತಿ ಮಾಡುತ್ತಿದ್ದೆ.